ಕೋಳಿ ಥರ ಕೂಗಿಸ್ತೀರಾ, ಪುಕ್ಕಟೆ ಮಾಡ್ತೀರಾ: ಸಮ್ಮೋಹನದ ಕೆಲಸದಲ್ಲಿ ಮೊದಲ ವರ್ಷ

ದಾವಣಗೆರೆಯಲ್ಲಿ ಹಿಪ್ನಾಟಿಸಂ ಕೆಲಸಕ್ಕೆಂದು ಬೋರ್ಡು ಹಾಕಿ ವರ್ಷ ತುಂಬಿತು. ಕಣ್ಣು ಮುಚ್ಚಿಸುವುದು, ಎಣಿಸುತ್ತ ಸಮ್ಮೋಹನಕ್ಕೆ ಇಳಿಸುವುದು, ಆ ಸ್ಥಿತಿಯಲ್ಲಿ ಸಲಹೆ ಕೊಡುವುದು, ಎಚ್ಚರಿಸುವುದು ಎಲ್ಲವನ್ನೂ ತರಬೇತಿಯಲ್ಲಿ ಕಲಿಸುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು "ಎಲ್ಲಿ, ನನ್ನ ಕೋಳಿ ಥರ ಕೂಗ್ಸು ನೋಡಾಣ" ಅಂದಾಗ ಏನು ಹೇಳಬೇಕು, ಷಡ್ಡಕ "ನಮ್ ಹುಡುಗನ್ನ ಒಂದ್ಸಲ ಕೂರ್ಸ್ಕೊಂಡು ಬಿಡಪ್ಪ, ನಮ್ಮತ್ರನೂ ದುಡ್ಡು ತಗೋತೀಯಾ?" ಅಂದಾಗ ಏನು ಹೇಳಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಹೊಸಬರ ಮೊದಲ ವರ್ಷವನ್ನು ತಿಂದುಹಾಕುವುದು ಇವೆರಡೇ. ಈಗ ತರಬೇತಿ ಮುಗಿಸಿ ಹೊರಬರುತ್ತಿರುವವರಿಗೆ ಉಪಯೋಗವಾಗಲೆಂದು, ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಕಾಗದಪತ್ರದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ತಮಾಷೆಗೂ ಪುಕ್ಕಟೆ ಕೇಳಿಕೆಗೂ ಬೀಜ ಬೀಳುವುದು ಬೋರ್ಡಿನ ಮೇಲಿನ ಮಾತಿನಲ್ಲೇ. ಹಿಪ್ನಾಟಿಸ್ಟ್‌ಗಳಿಗೆಂದೇ ಪ್ರತ್ಯೇಕವಾದ ಸರ್ಕಾರಿ ನೋಂದಣಿ ನಮ್ಮಲ್ಲಿಲ್ಲ. ಹಾಗಂತ ಏನು ಬೇಕಾದರೂ ಬರೆಯುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇಲ್ಲದವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಳ್ಳಬಾರದು. ವೈದ್ಯರಲ್ಲದವರು "ಕ್ಲಿನಿಕ್", "ಚಿಕಿತ್ಸಾಲಯ" ಎಂಬ ಪದಗಳ ಹತ್ತಿರವೇ ಹೋಗಬಾರದು. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 2007ರ ಕಾಯ್ದೆಯೇ ಬೇರೆ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಮೂರ್ಛೆರೋಗ, ರಕ್ತದೊತ್ತಡ, ಬೊಜ್ಜು, ಲೈಂಗಿಕ ದೌರ್ಬಲ್ಯ ಎಲ್ಲವೂ ಇವೆ. ಇವನ್ನು ಗುಣಪಡಿಸುತ್ತೇವೆ ಅಂತ ಕರಪತ್ರದಲ್ಲಿ ಒಂದು ಸಾಲು ಬಿದ್ದರೂ ಕೇಸು ಆಗಬಹುದು. ಕೊನೆಗೆ ಬೋರ್ಡಿನ ಮೇಲೆ ನಿಂತದ್ದು "ಹಿಪ್ನಾಸಿಸ್ ಮೂಲಕ ವಿಶ್ರಾಂತಿ ಮತ್ತು ಅಭ್ಯಾಸ ಬದಲಾವಣೆ ತರಬೇತಿ" ಎಂಬಷ್ಟೇ. ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಬೇಡ, ಆಧಾರ್ ಮತ್ತು ಪ್ಯಾನ್ ಇದ್ದರೆ ಕೂತಲ್ಲೇ ಆಗುತ್ತದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿಯನ್ನೂ ಪಾಲಿಕೆಯ ಉದ್ದಿಮೆ ಪರವಾನಗಿಯನ್ನೂ ಬಾಡಿಗೆ ಕರಾರು ಕೈಗೆ ಬಂದ ಮೇಲೆ ಮಾಡಿಸಿ, ಮೊದಲು ಮಾಡಿಸಲು ಹೋದರೆ ವಿಳಾಸದ ದಾಖಲೆ ಕೇಳಿ ವಾಪಸ್ ಕಳಿಸುತ್ತಾರೆ. ಈ ಓಡಾಟಕ್ಕೆ ಮೂರು ವಾರ ಹಿಡಿಯಿತು.

ಬೋರ್ಡಿನಲ್ಲಿ "ಸಮ್ಮೋಹನ" ಎಂದು ದೊಡ್ಡದಾಗಿ ಬರೆಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಒಳ್ಳೆಯ ಕನ್ನಡ ಪದವೇ, ನಾನೂ ಮಾತಿನಲ್ಲಿ ಬಳಸುತ್ತೇನೆ. ಆದರೆ ಪತ್ರಿಕೆಯ ಸಣ್ಣ ಜಾಹೀರಾತಿನಲ್ಲಿ, ಬಸ್ಸಿನ ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ "ಸ್ತ್ರೀ ಪುರುಷ ವಶೀಕರಣ" ಎಂದು ಓದಿ ಓದಿ ಜನರಿಗೆ ಎರಡೂ ಒಂದೇ ಆಗಿಹೋಗಿದೆ. ಬಾಡಿಗೆಗೆ ರೂಮು ಕೇಳಿದ ಮೊದಲ ಎರಡು ಮನೆಗಳಲ್ಲಿ ಬಂದ ಪ್ರಶ್ನೆ ಒಂದೇ: "ಅಮಾವಾಸ್ಯೆ ಪೂಜೆ ಗೀಜೆ ಏನಾದ್ರು ಇರುತ್ತೇನ್ರೀ?" ಮೂರನೆಯವರಿಗೆ ನಾನೇ ಮೊದಲು ಸೆಷನ್ನಿನ ಕುರ್ಚಿ, ಒಪ್ಪಿಗೆ ಪತ್ರ, ಶುಲ್ಕದ ರಸೀದಿ ಪುಸ್ತಕ ತೋರಿಸಿ ಮಾತು ಶುರು ಮಾಡಿದೆ. ಹತ್ತು ನಿಮಿಷದಲ್ಲಿ ರೂಮು ಸಿಕ್ಕಿತು. ಜನ ಹೆದರುವುದು ಕಾಣದ್ದಕ್ಕೆ. ಏನೇನು ಇದೆಯೋ ತೆರೆದು ತೋರಿಸಿಬಿಟ್ಟರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಬೋರ್ಡು ಬಿದ್ದ ದಿನದಿಂದ ತಮಾಷೆ ಶುರು. ಬೆಣ್ಣೆ ದೋಸೆ ಹೋಟೆಲಿನ ಬೆಂಚಿನಲ್ಲಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಹೊತ್ತಿನಲ್ಲಿ, ಕುಂದವಾಡ ಕೆರೆಯ ಮೇಲೆ ಬೆಳಗ್ಗೆ ವಾಕಿಂಗ್ ಹೋದಾಗ, ಎಲ್ಲಿ ಸಿಕ್ಕರೂ ಅದೇ ಮಾತು. ಮೊದಲ ತಿಂಗಳು ಬೇಸರವಾಗುತ್ತದೆ. ಇಷ್ಟು ಓದಿ, ಇಷ್ಟು ಖರ್ಚು ಮಾಡಿ ಬಂದ ಕೆಲಸಕ್ಕೆ ಇಷ್ಟೇ ಬೆಲೆಯಾ ಅನ್ನಿಸುತ್ತದೆ. ಎರಡನೇ ತಿಂಗಳಲ್ಲಿ ಬಂದ ಜೋಕುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದೆ. ನಾಲ್ಕು ಪುಟ ತುಂಬಿದ ಮೇಲೆ ಕಂಡದ್ದು: ಮಾತು ನೂರಿದ್ದರೂ ಒಳಗಿರುವ ಪ್ರಶ್ನೆ ನಾಲ್ಕೇ. ಎಲ್ಲರೆದುರು ನೇರವಾಗಿ ಕೇಳಲು ಸಂಕೋಚ, ಅದಕ್ಕೇ ನಗುವಿನ ಹೊದಿಕೆ. ನಾವು ಉತ್ತರ ಕೊಡಬೇಕಾದದ್ದು ಆ ಪ್ರಶ್ನೆಗೆ.

"ಕೋಳಿ ಥರ ಕೂಗಿಸ್ತೀರಾ" ಅನ್ನುವವರು ಕೇಳುತ್ತಿರುವುದು, ನನ್ನ ಮೇಲೆ ನನಗೆ ಹಿಡಿತ ತಪ್ಪುತ್ತದಾ ಅಂತ. "ಎಟಿಎಂ ಪಿನ್ ಬಾಯಿ ಬಿಡಿಸಬೇಡ್ರಪ್ಪ" ಅನ್ನುವವರದ್ದು, ಮನಸ್ಸಿನಲ್ಲಿರುವುದು ಹೊರಗೆ ಬೀಳುತ್ತದಾ ಅನ್ನುವ ಅಳುಕು. "ಮಲಗಿಸಿ ಎಬ್ಬಿಸೋದು ಮರೆತ್ರೆ?" ಎಂಬುದರಲ್ಲಿ ಎಚ್ಚರವಾಗದೆ ಉಳಿದುಬಿಟ್ಟೇನೆಂಬ ಭಯ. "ನನ್ನಂಥ ಗಟ್ಟಿ ಮನುಷ್ಯನಿಗೆ ನಡೆಯಲ್ಲ ಬಿಡ್ರಿ" ಎಂಬುದರಲ್ಲಿ, ನಡೆದರೆ ನಾನು ದುರ್ಬಲ ಅಂತಾಯಿತಾ ಎಂಬ ಪ್ರಶ್ನೆ. ಇವುಗಳಿಗೆ ಒಂದೊಂದೇ ವಾಕ್ಯದ ಉತ್ತರ ಸಿದ್ಧವಿರಲಿ. ಉದ್ದದ ಪಾಠ ಕೇಳುವ ವ್ಯವಧಾನ ಮಂಡಕ್ಕಿ ಅಂಗಡಿ ಮುಂದೆ ಯಾರಿಗೂ ಇರುವುದಿಲ್ಲ. ಹಿಡಿತದ ಪ್ರಶ್ನೆಗೆ: "ನಿಮಗೆ ಬೇಡ ಅನ್ನಿಸಿದ ಕ್ಷಣ ಕಣ್ಣು ಬಿಟ್ಟು ಎದ್ದು ಹೋಗಬಹುದು, ನಾನು ತಡೆಯೋಕಾಗಲ್ಲ." ಗುಟ್ಟಿನ ಪ್ರಶ್ನೆಗೆ: "ನನ್ನ ಮಾತು ಪೂರ್ತಿ ಕೇಳಿಸ್ತಿರುತ್ತೆ, ಹೇಳಬಾರದ್ದನ್ನ ನೀವು ಹೇಳಲ್ಲ." ಎಚ್ಚರದ ಪ್ರಶ್ನೆಗೆ: "ಇದು ನಿದ್ದೆ ಅಲ್ಲ. ನಾನು ಮಧ್ಯದಲ್ಲಿ ಎದ್ದು ಹೋದ್ರೂ ಸ್ವಲ್ಪ ಹೊತ್ತಿಗೆ ನೀವೇ ಕಣ್ಣು ಬಿಡ್ತೀರಿ, ಇಲ್ಲಾಂದ್ರೆ ಒಂದು ನಿದ್ದೆ ತೆಗೆದು ಏಳ್ತೀರಿ." ಗಟ್ಟಿ ಮನುಷ್ಯರಿಗೆ: "ಗಮನ ಒಂದು ಕಡೆ ನಿಲ್ಲಿಸೋ ಶಕ್ತಿ ಇದ್ದೋರಿಗೇ ಇದು ಚೆನ್ನಾಗಿ ನಡೆಯೋದು." ಈ ಕೊನೆಯ ಮಾತು ಬರೀ ಸಮಾಧಾನದ್ದಲ್ಲ. 1959ರಿಂದ ಬಳಕೆಯಲ್ಲಿರುವ ಸ್ಟ್ಯಾನ್‌ಫರ್ಡ್ ಮಾಪಕದಲ್ಲಿ, ಯಾರು ಎಷ್ಟು ಸುಲಭವಾಗಿ ಸಮ್ಮೋಹನಕ್ಕೆ ಇಳಿಯುತ್ತಾರೆಂದು ಅಳೆದಾಗ ಸ್ವಲ್ಪ ಜನ ತುಂಬ ಸುಲಭವಾಗಿ, ಸ್ವಲ್ಪ ಜನ ತುಂಬ ಕಡಿಮೆ, ಉಳಿದ ಬಹುಪಾಲು ಜನ ನಡುವೆ ಬರುತ್ತಾರೆ. ಕಲ್ಪನೆಯಲ್ಲಿ ತಲ್ಲೀನರಾಗುವ ಗುಣಕ್ಕೂ ಇದಕ್ಕೂ ನಂಟಿದೆ. ಮಂದಬುದ್ಧಿಗೂ ದುರ್ಬಲ ಮನಸ್ಸಿಗೂ ಸಂಬಂಧವಿಲ್ಲ.

ಹೇಳುವಾಗ ನೀವೂ ನಗುತ್ತಲೇ ಹೇಳಿ. ಮುಖ ಗಂಟು ಹಾಕಿದರೆ ಎದುರಿನವರು ಇನ್ನೊಂದು ಜೋಕು ಹುಡುಕುತ್ತಾರೆ. ಒಂದು ವಾಕ್ಯ ಹೇಳಿ ಸುಮ್ಮನಾದರೆ, ಹತ್ತು ಜನರಲ್ಲಿ ಒಬ್ಬರು ಪಕ್ಕಕ್ಕೆ ಕರೆದು "ಅಲ್ಲ, ನಿಜವಾಗ್ಲೂ ಕೇಳ್ತೀನಿ, ನನಗೆ ರಾತ್ರಿ ನಿದ್ದೆನೇ ಹತ್ತಲ್ಲ" ಅಂತ ಶುರು ಮಾಡುತ್ತಾರೆ. ಎಲ್ಲರಿಗಿಂತ ಜೋರಾಗಿ ನಕ್ಕವರೇ ಆಮೇಲೆ ಫೋನು ಮಾಡಿದ್ದುಂಟು.

ಇನ್ನೊಂದು ಸಂಗತಿ ನಮ್ಮ ಊರಿನವರಿಗೆ ಹಿಡಿಸುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಹಿಪ್ನಾಟಿಸಂ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಅಸಲಿ ಮ್ಯಾಂಚೆಸ್ಟರ್‌ನಿಂದಲೇ. ಅಲ್ಲಿ ಶಸ್ತ್ರವೈದ್ಯನಾಗಿದ್ದ ಜೇಮ್ಸ್ ಬ್ರೇಡ್ 1841ರಲ್ಲಿ ಇಂಥದೇ ಒಂದು ಪ್ರದರ್ಶನ ನೋಡಲು ನಂಬಿಕೆಯಿಲ್ಲದೆಯೇ ಹೋಗಿದ್ದ. ನೋಡಿದ ಮೇಲೆ ತಾನೇ ಪ್ರಯೋಗ ಮಾಡಿ 1843ರಲ್ಲಿ ಪುಸ್ತಕ ಬರೆದ. ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ಬಂದ ಪದವನ್ನು ಬಳಸಿದ್ದರೂ, ಇದು ನಿದ್ದೆಯಲ್ಲವೆಂದು ಗೊತ್ತಾದ ಮೇಲೆ ಅವನೇ ಬೇರೆ ಹೆಸರಿಡಲು ಯತ್ನಿಸಿದ. ಅಷ್ಟರಲ್ಲಿ ಹಳೆಯ ಹೆಸರು ಊರೆಲ್ಲ ಹಬ್ಬಿತ್ತು. "ಮಲಗಿಸ್ತೀರಾ?" ಎಂದು ಕೇಳುವವರಿಗೆ ಈ ಕಥೆ ಎರಡು ನಿಮಿಷದಲ್ಲಿ ಹೇಳಿದರೆ ಸಾಕು, ಮುಂದಿನ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ.

"ಈಗಲೇ ಮಾಡಿ ತೋರಿಸು" ಎಂಬ ಒತ್ತಾಯಕ್ಕೆ ಬರೋಣ. ಕಲ್ಯಾಣಮಂಟಪದಲ್ಲಿ, ಹೋಟೆಲಿನಲ್ಲಿ, ಗೆಳೆಯರ ಮನೆ ಮಹಡಿಯ ಮೇಲೆ ಯಾರನ್ನೂ ಪೂರ್ತಿ ಸಮ್ಮೋಹನಕ್ಕೆ ಇಳಿಸಬೇಡಿ. ಕಾರಣಗಳು ಗಟ್ಟಿಯಾಗಿವೆ. ನಿಂತವರ ಮಂಡಿ ಸಡಿಲವಾಗಿ ಗ್ರಾನೈಟ್ ನೆಲಕ್ಕೆ ಬಿದ್ದರೆ ತಲೆಗೆ ಪೆಟ್ಟು. ಒಳಗೆ ಅದುಮಿಟ್ಟ ದುಃಖ ಇದ್ದವರು ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳಲು ಶುರು ಮಾಡಬಹುದು, ಸುತ್ತ ನಿಂತವರ ಕೈಯಲ್ಲಿ ಮೊಬೈಲು ಇರುತ್ತದೆ. ಅವರಿಗೆ ಮೂರ್ಛೆರೋಗ ಇದೆಯಾ, ಮನೋರೋಗದ ಮಾತ್ರೆ ನಡೆಯುತ್ತಿದೆಯಾ, ಕುಡಿದಿದ್ದಾರಾ ಅಂತ ಕೇಳಿರುವುದಿಲ್ಲ. ಮಾರನೇ ದಿನ ತಲೆನೋವು ಬಂದರೂ "ಅವನು ಏನೋ ಮಾಡಿದ" ಎಂಬ ಮಾತು ನಿಮ್ಮ ಬಾಗಿಲಿಗೇ ಬರುತ್ತದೆ.

ಅದರ ಬದಲು ಬೆರಳಿನ ಆಟ ತೋರಿಸಿ. ಎರಡೂ ಕೈಯ ಬೆರಳುಗಳನ್ನು ಹೆಣೆದು ಎದೆಯ ಎತ್ತರಕ್ಕೆ ಹಿಡಿದು ಬಿಗಿಯಾಗಿ ಒತ್ತಲು ಹೇಳಿ. ಈಗ ಎರಡು ತೋರುಬೆರಳನ್ನು ಮಾತ್ರ ನೆಟ್ಟಗೆ ಮೇಲಕ್ಕೆತ್ತಿ, ನಡುವೆ 3-4 ಸೆಂಟಿಮೀಟರ್ ಸಂದು ಬಿಡಲಿ. ಕಣ್ಣು ಆ ಸಂದಿನ ಮೇಲೆಯೇ ಇರಲಿ. ಎರಡು ತುದಿಗೂ ರಬ್ಬರ್ ಬ್ಯಾಂಡ್ ಸುತ್ತಿದಂತೆ, ಅದು ನಿಧಾನವಾಗಿ ಎಳೆಯುತ್ತಿರುವಂತೆ ಕಲ್ಪಿಸಿಕೊಳ್ಳಲಿ. ನೀವು ಸಣ್ಣ ದನಿಯಲ್ಲಿ "ಹತ್ತಿರ... ಇನ್ನೂ ಹತ್ತಿರ" ಎನ್ನುತ್ತಿರಿ. 20-30 ಸೆಕೆಂಡಿನಲ್ಲಿ ಹೆಚ್ಚಿನವರ ಬೆರಳು ಕೂಡುತ್ತವೆ. ಇಷ್ಟನ್ನೇ ಎಲ್ಲರೂ ಮಾಡಿಸುತ್ತಾರೆ. ಮುಖ್ಯವಾದದ್ದು ಆಮೇಲಿನದು. ಅದನ್ನೇ ಮತ್ತೆ ಮಾಡಿಸಿ, ಈ ಸಲ "ನಾನು ಏನಾದರೂ ಹೇಳಲಿ, ಬೆರಳು ಕೂಡಬಾರದು ಅಂತ ನೀವು ಮನಸ್ಸು ಮಾಡಿ" ಅನ್ನಿ. ಬೆರಳು ಕೂಡುವುದಿಲ್ಲ. "ನೋಡಿದ್ರಲ್ಲ, ಮೊದಲ ಸಲ ನಡೆಸಿದ್ದೂ ನೀವೇ, ಈಗ ನಿಲ್ಲಿಸಿದ್ದೂ ನೀವೇ" ಅನ್ನಿ. ಹಿಡಿತ ತಪ್ಪುವ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಬಿಗಿದ ಸ್ನಾಯುಗಳು ತಾವಾಗಿ ಸಡಿಲವಾಗುವುದೂ ಇದರಲ್ಲಿ ಸೇರಿದೆ ಎಂಬುದನ್ನು ಮುಚ್ಚಿಡದೆ ಹೇಳಿಬಿಡಿ. ಗೊತ್ತಿರುವವರು ಯಾರಾದರೂ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಅವರ ಬಾಯಿಂದ ಬಂದರೆ ನೀವು ಮೋಸ ಮಾಡಿದಂತೆ ಕಾಣುತ್ತದೆ.

ಮೇಜು ಸಿಕ್ಕಿದರೆ ದಾರದ ಪ್ರಯೋಗವೂ ಚೆನ್ನ. 25 ಸೆಂಟಿಮೀಟರ್ ದಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ, ಮೊಣಕೈ ಊರಿ, ಹಾಳೆಯ ಮೇಲೆ ಬರೆದ ಗೆರೆಯ ಮೇಲೆ ತೂಗಿಬಿಡುವುದು. ಗೆರೆಯುದ್ದಕ್ಕೂ ಓಡಾಡುತ್ತಿದೆ ಎಂದು ಯೋಚಿಸಿದರೆ ಸಾಕು, ನಟ್ಟು ಓಡಾಡಲು ಶುರುವಾಗುತ್ತದೆ. ಕೈ ಅಲುಗುವುದು ಅವರಿಗೇ ತಿಳಿಯುವುದಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1833ರಲ್ಲೇ ಇದನ್ನು ವಿವರಿಸಿದ್ದ. ಇದರಲ್ಲಿ ಒಂದು ಎಡವಟ್ಟಿದೆ: ನಟ್ಟು ಅಲುಗಿದ ಕೂಡಲೇ "ಕಳೆದುಹೋದ ಸರ ಎಲ್ಲಿದೆ ಕೇಳ್ರಿ", "ಹುಡುಗಿ ಒಪ್ತಾಳಾ ಕೇಳ್ರಿ" ಎಂದು ಪ್ರಶ್ನೆಗಳು ಬೀಳುತ್ತವೆ. ಒಂದಕ್ಕೂ ಅವಕಾಶ ಕೊಡದೆ ದಾರ ಸುತ್ತಿ ಜೇಬಿಗೆ ಹಾಕಿ.

ಪಾಶ್ಚಾತ್ಯ ಕೈಪಿಡಿಗಳಲ್ಲಿ ಮೊದಲಿಗೇ ಬರುವ ನಿಂಬೆಹಣ್ಣಿನ ಕಲ್ಪನೆಯನ್ನು ನಮ್ಮ ಕಡೆ ಬಿಟ್ಟುಬಿಡಿ. ಕಣ್ಣು ಮುಚ್ಚಿ, ಕೈಯಲ್ಲಿ ನಿಂಬೆಹಣ್ಣಿದೆ, ಕತ್ತರಿಸುತ್ತಿದ್ದೀರಿ ಎಂದರೆ ಇಲ್ಲಿನವರಿಗೆ ಬಾಯಲ್ಲಿ ನೀರು ಬರುವುದಕ್ಕಿಂತ ಮೊದಲು ಮೂರು ದಾರಿ ಕೂಡುವಲ್ಲಿ ಇಟ್ಟ ಮಾಟದ ನಿಂಬೆಹಣ್ಣು ನೆನಪಾಗುತ್ತದೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಎನ್ನಿ, ಅದೇ ಕೆಲಸ ನಡೆಯುತ್ತದೆ. ರೂಮಿನಲ್ಲಿ ಊದಿನಕಡ್ಡಿ, ದೀಪ, ಕಪ್ಪು ಪರದೆ ಬೇಡ. "ನಿದ್ರಿಸಿ" ಎಂಬ ಪದವನ್ನೂ ಬಿಟ್ಟು "ಮೈ ಹಗುರ ಆಗಲಿ, ನನ್ನ ದನಿ ಕೇಳಿಸ್ತಾ ಇರಲಿ" ಎನ್ನಿ.

ಪುಕ್ಕಟೆ ಕೇಳಿಕೆ ಶುರುವಾದದ್ದು ಎರಡನೇ ವಾರದಿಂದ, ಮತ್ತು ಇಲ್ಲಿ ನಾನು ಮೂರು ತಿಂಗಳು ದಾರಿ ತಪ್ಪಿದೆ. ಹೊಸಬರಿಗೆ ಕೈ ಪಳಗಬೇಕು, ಹೆಸರು ಹರಡಬೇಕು, ಇಲ್ಲ ಎನ್ನಲು ಧೈರ್ಯವಿಲ್ಲ. ಹಾಗಾಗಿ ಕೇಳಿದವರಿಗೆಲ್ಲ ಹೂಂ ಅನ್ನುತ್ತೇವೆ. ಪುಕ್ಕಟೆ ಬಂದವರಲ್ಲಿ ಎರಡನೇ ಸಲ ಬಂದವರು ಬೆರಳೆಣಿಕೆ. ಜನ ಕೃತಘ್ನರು ಅಂತಲ್ಲ, ಪುಕ್ಕಟೆ ಸೆಷನ್ನಿನ ರಚನೆಯೇ ಕೆಡುತ್ತದೆ. ಸರಿಯಾದ ಮೊದಲ ಸೆಷನ್ನಿಗೆ 90 ನಿಮಿಷ ಬೇಕು: ಹಿನ್ನೆಲೆ ಕೇಳುವುದಕ್ಕೆ ಅರ್ಧ ಗಂಟೆ, ತಪ್ಪು ಕಲ್ಪನೆ ಬಿಡಿಸುವ ಮಾತಿಗೆ 15 ನಿಮಿಷ, ಇಳಿಸುವುದಕ್ಕೆ 10, ಸಲಹೆಗೆ 20, ಎಚ್ಚರಿಸಿ ಆಮೇಲೆ ಮಾತಾಡುವುದಕ್ಕೆ 15. ಪರಿಚಯದವರು ಪುಕ್ಕಟೆ ಬಂದಾಗ ಮೊದಲ ಮುಕ್ಕಾಲು ಗಂಟೆಯನ್ನು ಹಾರಿಸಿಬಿಡುತ್ತೇವೆ, "ನಮ್ಮವರೇ ಅಲ್ವಾ, ಗೊತ್ತಿರೋದೇ" ಅಂತ. ಗೊತ್ತಿರುವುದಿಲ್ಲ. ಗುಟ್ಕಾ ಬಿಡಬೇಕೆಂದು ಬಂದ ಬೀಗರು ದಿನಕ್ಕೆ ಎಷ್ಟು ಪ್ಯಾಕೆಟ್ ಎಂಬ ನಿಜವಾದ ಲೆಕ್ಕವನ್ನು ನೆಂಟಸ್ತಿಕೆಯವರ ಮುಂದೆ ಹೇಳುವುದಿಲ್ಲ. ಅವರ ಮನೆಯಲ್ಲೇ ಕೂರಿಸಿದರೆ ಕುಕ್ಕರ್ ಸೀಟಿ, ಟಿವಿ, ಬಾಗಿಲ ಸಂದಿಯಲ್ಲಿ ಇಣುಕುವ ಮಕ್ಕಳು. ಮನೆಯಲ್ಲಿ ದಿನಾ ಕೇಳಲು ಕೊಟ್ಟ 12 ನಿಮಿಷದ ಧ್ವನಿಮುದ್ರಣವನ್ನು ದುಡ್ಡು ಕೊಟ್ಟವರು ಕೇಳುತ್ತಾರೆ, ಕೊಡದವರು ಮರೆಯುತ್ತಾರೆ. ಒಂದು ವಾರಕ್ಕೆ "ಅದೇನೂ ಕೆಲಸ ಮಾಡಲಿಲ್ಲ ಬಿಡ್ರಿ" ಎಂಬ ಮಾತು ಇಡೀ ಬೀದಿಗೆ ಹಬ್ಬಿರುತ್ತದೆ.

ಅದಕ್ಕೇ, ಅಭ್ಯಾಸಕ್ಕೆ ಜನ ಬೇಕಿದ್ದರೆ ಅದನ್ನು "ಅಭ್ಯಾಸದ ಸೆಷನ್" ಎಂದೇ ಕರೆದು, ಸಂಖ್ಯೆ ಮತ್ತು ಕೊನೆಯ ದಿನಾಂಕ ಮೊದಲೇ ಬರೆದಿಡಿ. ನಾನು ನಾಲ್ಕನೇ ತಿಂಗಳಲ್ಲಿ ಹನ್ನೆರಡಕ್ಕೆ ನಿಲ್ಲಿಸಿದೆ. ಅವರಿಂದ ದುಡ್ಡು ಬೇಡ, ಆದರೆ ಪೂರ್ತಿ ಹಿನ್ನೆಲೆ ನಮೂನೆ ತುಂಬಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಎರಡು ವಾರ ಬಿಟ್ಟು ಏನಾಯಿತೆಂದು ಅರ್ಧ ಪುಟ ಬರೆದುಕೊಡಬೇಕು. ಇಷ್ಟು ಕೇಳಿದಾಗಲೇ ಬರೀ ಕುತೂಹಲದವರು ಹಿಂದೆ ಸರಿಯುತ್ತಾರೆ, ಬೇಕಾದವರು ಉಳಿಯುತ್ತಾರೆ. ಹತ್ತಿರದ ರಕ್ತಸಂಬಂಧಿಗಳನ್ನು ಈ ಹನ್ನೆರಡರಲ್ಲೂ ಸೇರಿಸಬೇಡಿ, ಶುಲ್ಕ ಕೊಡುತ್ತೇನೆಂದರೂ ಬೇಡ. "ನಿಮಗೆ ನಾನು ಮಾವ, ಆ ಕುರ್ಚಿಯಲ್ಲಿ ಕೂತಾಗ ಮಾವ ಆಗಿ ಇರೋಕಾಗಲ್ಲ, ಅದಕ್ಕೆ ಬೇರೆಯವರ ಹತ್ತಿರ ಕಳಿಸ್ತೀನಿ" ಎಂದರೆ ಬೇಜಾರು ಮಾಡಿಕೊಂಡವರು ಕಡಿಮೆ.

ಪುಕ್ಕಟೆ ಏನೂ ಕೊಡಬಾರದು ಅಂತಲ್ಲ. ವಿವರಣೆ ಪುಕ್ಕಟೆ ಕೊಡಿ, ಸೆಷನ್ ಬೇಡ. ಫೋನಿನಲ್ಲಿ 15 ನಿಮಿಷ ಪುಕ್ಕಟೆ ಮಾತು, ಗಡಿಯಾರ ನೋಡಿಕೊಂಡು. ಉಸಿರಾಟದ ಒಂದು ಅಭ್ಯಾಸ ಪುಕ್ಕಟೆ. ಯಾರಾದರೂ ವಾಟ್ಸಾಪ್‌ನಲ್ಲಿ ಕೇಳಿದರೆ ಕಳಿಸಲು ಒಂದೇ ಮಾತು ಬರೆದಿಟ್ಟುಕೊಳ್ಳಿ, ಪ್ರತಿ ಸಲ ಹೊಸದಾಗಿ ಬರೆಯಲು ಹೋದರೆ ಸಂಕೋಚ ಗೆದ್ದುಬಿಡುತ್ತದೆ. ನನ್ನದು ಹೀಗಿದೆ: "ನಮಸ್ಕಾರ. ಮೊದಲು 15 ನಿಮಿಷ ಫೋನಿನಲ್ಲಿ ಮಾತಾಡೋಣ, ಅದಕ್ಕೆ ಶುಲ್ಕವಿಲ್ಲ. ಸೆಷನ್ ಬೇಕೆನ್ನಿಸಿದರೆ ಮೊದಲನೆಯದು ಒಂದೂವರೆ ಗಂಟೆ, ₹1,200. ಆಮೇಲಿನದು ಒಂದು ಗಂಟೆ, ₹800. ಬರುವಾಗ ನೀವು ತಗೊಳ್ಳುವ ಮಾತ್ರೆಗಳ ಚೀಟಿ ತನ್ನಿ." ನಿಮ್ಮ ಊರಿಗೆ ತಕ್ಕಂತೆ ಮೊತ್ತ ಇಟ್ಟುಕೊಳ್ಳಿ, ಆದರೆ ಬರೆದಿಡಿ. ಬಾಯಲ್ಲಿ ಹೇಳಿದ ದರ ಚೌಕಾಸಿಗೆ ಬರುತ್ತದೆ, ಬರೆದದ್ದು ಬರುವುದಿಲ್ಲ. "ಮೊದಲು ಗುಣ ಆಗ್ಲಿ, ಆಮೇಲೆ ಕೊಡ್ತೀನಿ" ಅನ್ನುವವರಿಗೆ ಒಪ್ಪಬಾರದು. ಫಲಿತಾಂಶಕ್ಕೆ ಶುಲ್ಕ ಕಟ್ಟಿದರೆ ನೀವು ಗುಣ ಮಾಡುವ ಭರವಸೆ ಕೊಟ್ಟಂತೆ. "ನಾನು ತಗೊಳ್ಳೋದು ಸಮಯಕ್ಕೆ. ಫಲ ನಿಮ್ಮ ಅಭ್ಯಾಸದ ಮೇಲೂ ಇದೆ" ಎಂದು ಹೇಳಿ.

ದುಡ್ಡು ಕೊಟ್ಟರೂ ತೆಗೆದುಕೊಳ್ಳಬಾರದ ಕೇಳಿಕೆಗಳಿವೆ. ಹೆಚ್ಚು ಬರುವುದು ಹೆಣ್ಣುಮಕ್ಕಳಿಂದ, ಕಣ್ಣೀರಿನ ಜೊತೆ: "ಅಣ್ಣಾ, ನಮ್ಮನೆಯವರಿಗೆ ಗೊತ್ತಾಗದಂಗೆ ಕುಡಿತ ಬಿಡಿಸಿಕೊಡ್ರಿ." ಗೊತ್ತಾಗದ ಹಾಗೆ ಯಾರಿಗೂ ಏನನ್ನೂ ಬಿಡಿಸಲು ಬರುವುದಿಲ್ಲ, ಅವರ ಒಪ್ಪಿಗೆಯಿಲ್ಲದೆ ಸಮ್ಮೋಹನವೇ ನಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕದಿಂದ ಹಿಡಿದು ಫಿಟ್ಸ್, ಭ್ರಮೆವರೆಗೆ ಆಗಬಹುದು, ಜೀವಕ್ಕೇ ಕುತ್ತು ಬರಬಹುದು. ಅವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸಬೇಕು. ಆ ಅಕ್ಕಂದಿರನ್ನು ಬರಿಗೈಯಲ್ಲಿ ಕಳಿಸುವುದು ಹೊಟ್ಟೆ ಕಿವುಚುತ್ತದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಎಂದು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ. ಅದು ಸರ್ಕಾರದ್ದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೆಯದು ಕಳ್ಳತನ. ಮನೆಯಲ್ಲಿ ಒಡವೆ ಹೋಗಿದೆ, ಕೆಲಸದವಳನ್ನು ಕೂರಿಸಿ ನಿಜ ಬಾಯಿ ಬಿಡಿಸಿ ಅಂತ. ಸಮ್ಮೋಹನದಲ್ಲಿ ಜನ ಸುಳ್ಳನ್ನೂ ಹೇಳಬಹುದು, ನಡೆಯದ್ದನ್ನು ನಡೆದಂತೆ ನೆನಪಿಸಿಕೊಳ್ಳಲೂಬಹುದು. ಕೇಳುವ ಪ್ರಶ್ನೆಯೇ ನೆನಪನ್ನು ಹುಟ್ಟಿಸುತ್ತದೆ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಪೊಲೀಸರೂ ಮಾಡಿಸುವಂತಿಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಕರ್ನಾಟಕದ್ದೇ ಕೇಸಿನಲ್ಲಿ, ಸೆಲ್ವಿ ಪ್ರಕರಣದಲ್ಲಿ. ಇದನ್ನು ಹೇಳಿದರೆ ಒತ್ತಾಯ ನಿಲ್ಲುತ್ತದೆ. ಪೂರ್ವಜನ್ಮ ತೋರಿಸಿ ಎನ್ನುವವರಿಗೂ, ನಡೆಯದ ನೆನಪು ಹುಟ್ಟಿಬಿಡುತ್ತದೆಂಬ ಕಾರಣಕ್ಕೇ ಇಲ್ಲ ಎನ್ನುತ್ತೇನೆ. ಕಾರಣ ಗೊತ್ತಿಲ್ಲದ ನೋವಿಗೆ ವೈದ್ಯರು ನೋಡುವವರೆಗೂ ಕೈ ಹಾಕಬೇಡಿ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ವೈದ್ಯ ಇಂಥದೇ ವಿಧಾನದಿಂದ ನೋವು ತಗ್ಗಿಸಿ ಶಸ್ತ್ರಕ್ರಿಯೆ ಮಾಡಿದ್ದು ನಿಜ. ನೋವು ತಗ್ಗುತ್ತದೆ ಎಂಬುದೇ ಇಲ್ಲಿನ ಅಪಾಯ: ಎದೆನೋವು, ಹೊಟ್ಟೆನೋವು ಕೊಡುತ್ತಿದ್ದ ಎಚ್ಚರಿಕೆ ಮುಚ್ಚಿಹೋಗುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ತಂದೆತಾಯಿಗಳ ಕಾಲ. ಕಾಲೇಜುಗಳಿಂದ "ಒಂದು ಡೆಮೋ ಮಾಡ್ರಿ, ನಿಮಗೂ ಪ್ರಚಾರ ಆಗುತ್ತೆ" ಎಂಬ ಕರೆಯೂ ಬರುತ್ತದೆ. ಹೋಗಿ, ಆದರೆ ವೇದಿಕೆಯ ಮೇಲೆ ಮಕ್ಕಳನ್ನು ಕರೆದು ಏನನ್ನೂ ಮಾಡಿಸಬೇಡಿ. 40 ನಿಮಿಷದ ಪಾಠ ಮಾಡಿ: ಪರೀಕ್ಷೆ ಭಯದಲ್ಲಿ ಉಸಿರು ಏಕೆ ಮೇಲಕ್ಕೇರುತ್ತದೆ, 4 ಎಣಿಸುತ್ತ ಒಳಗೆ ತಗೊಂಡು 6 ಎಣಿಸುತ್ತ ಬಿಡುವುದು ಹೇಗೆ, ಪ್ರಶ್ನೆಪತ್ರಿಕೆ ಕೈಗೆ ಬಂದ ಮೊದಲ ನಿಮಿಷದಲ್ಲಿ ಏನು ಮಾಡಬೇಕು, ಬೆರಳಿನ ಆಟ ಎಲ್ಲರಿಗೂ ಕೂತಲ್ಲೇ. 18 ವರ್ಷದೊಳಗಿನವರಿಗೆ ಸೆಷನ್ ಎಂದರೆ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆ ಬೇಕೇ ಬೇಕು, ಅವರು ರೂಮಿನಲ್ಲೇ ಕೂರಬೇಕು. ಹೆಣ್ಣುಮಕ್ಕಳು ಯಾವ ವಯಸ್ಸಿನವರಾದರೂ ಜೊತೆಗೊಬ್ಬರು ಬರಲಿ, ಗಾಜಿನ ಬಾಗಿಲಾಚೆ ಕಾಣುವಂತೆ ಕೂರಲಿ. ಕೇಳದೆ ಭುಜವನ್ನೂ ಮುಟ್ಟಬೇಡಿ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಒರಗುವ ಕುರ್ಚಿ ಹಳೆಯದು ₹9,000, ಬೋರ್ಡಿಗೆ ₹3,200, ಬಾಗಿಲಿಗೆ ಗಾಜು ಕೂರಿಸಲು ₹2,800, ತಿಂಗಳ ಬಾಡಿಗೆ ₹6,500. ಫ್ಯಾನಿನ ಕಿರುಗುಟ್ಟುವಿಕೆ ನಿಲ್ಲಿಸಲು ಬೇರಿಂಗ್ ಬದಲಾಯಿಸಿದ್ದು ಸಣ್ಣ ಖರ್ಚು, ದೊಡ್ಡ ಉಪಕಾರ. ಅಮಾವಾಸ್ಯೆ ದಿನ ಯಾರಿಗೂ ಸಮಯ ಕೊಡಬೇಡಿ, ಹೂಂ ಅಂದರೂ ಬರುವುದಿಲ್ಲ. ಐದನೇ ತಿಂಗಳವರೆಗೆ ಬಾಡಿಗೆ ಕೈಯಿಂದಲೇ ಹೋಯಿತು. ಪುಕ್ಕಟೆ ನಿಲ್ಲಿಸಿದ ತಿಂಗಳಂತೂ ಬಾಗಿಲು ತೆಗೆದು ಸುಮ್ಮನೆ ಕೂತ ದಿನಗಳೇ ಹೆಚ್ಚು, ತಪ್ಪು ಮಾಡಿದೆನಾ ಎಂಬ ಅಳುಕು ರಾತ್ರಿ ಕಾಡುತ್ತದೆ. ಆರು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ನಿಜವಾಗಿ ಕೊಡಲಾಗದವರೂ ಬರುತ್ತಾರೆ, ಅವರಿಗೆ ಬಾಗಿಲು ಮುಚ್ಚಬಾರದು. ತಿಂಗಳಿಗೆ ಎರಡು ಜಾಗ ಅವರಿಗೆಂದೇ ಮೀಸಲು. ಬೆಳಗಿನ ಹನ್ನೊಂದು ಗಂಟೆಯ ಒಳ್ಳೆಯ ಸಮಯವನ್ನೇ ಕೊಡಿ, ಉಳಿದುಬಿದ್ದ ಹೊತ್ತನ್ನಲ್ಲ. ಅವರಿಂದ ₹50 ತಗೊಂಡು ರಸೀದಿ ಕೊಡುತ್ತೇನೆ. ಕೈಯಾರೆ ಕೊಟ್ಟು ಕೂತವರು ದುಡ್ಡು ಕೊಟ್ಟವರಂತೆಯೇ ಪ್ರಶ್ನೆ ಕೇಳುತ್ತಾರೆ, ಅಭ್ಯಾಸ ಮಾಡುತ್ತಾರೆ. ನಮೂನೆ, ಒಪ್ಪಿಗೆ ಪತ್ರ, 90 ನಿಮಿಷ ಎಲ್ಲವೂ ಉಳಿದವರಷ್ಟೇ. ಎರಡು ತುಂಬಿದ್ದರೆ ಮುಂದಿನ ತಿಂಗಳ ಪುಟದಲ್ಲಿ ಹೆಸರು ಬರೆದು ದಿನಾಂಕ ಹೇಳಿ.

ಇದರಿಂದ ಒಂದು ಹೊಸ ತೊಡಕು ಬರುತ್ತದೆ. ಊರು ದೊಡ್ಡದಾದರೂ ಮಾತು ಬೇಗ ಓಡಾಡುತ್ತದೆ, ಹದಿನೈದು ದಿನದೊಳಗೆ "ಅವ್ರಿಗೆ ಐವತ್ತು ರೂಪಾಯಿಗೆ ಮಾಡಿದ್ರಂತೆ, ನಮಗ್ಯಾಕೆ ಸಾವಿರದ ಇನ್ನೂರು?" ಎಂದು ಕೇಳುವವರು ಬಂದೇ ಬರುತ್ತಾರೆ. ಯಾರಿಗೆ ಮಾಡಿದೆ ಅಂತ ಬಾಯಿ ಬಿಡಬೇಡಿ, ಹೌದು ಅಲ್ಲ ಎರಡನ್ನೂ ಅನ್ನಬೇಡಿ. ಬಂದವರ ಹೆಸರು ಹೊರಗೆ ಹೇಳುವುದಿಲ್ಲ ಎಂಬುದು ಒಪ್ಪಿಗೆ ಪತ್ರದ ಮೊದಲ ಸಾಲು. ಮೀಸಲು ಜಾಗದ ಪುಸ್ತಕದಿಂದ ಮುಂದಿನ ಖಾಲಿ ದಿನಾಂಕ ನೋಡಿ, "ಕೊಡೋಕಾಗದವರಿಗೆ ತಿಂಗಳಿಗೆ ಎರಡು ಜಾಗ ಇದೆ. ನಿಮಗೆ ಬೇಕು ಅನ್ನಿಸಿದ್ರೆ ಹೇಳಿ, ಇಂಥ ದಿನಕ್ಕೆ ಬರೀತೀನಿ. ಶುಲ್ಕ ಕೊಟ್ಟು ಬರೋದಾದ್ರೆ ಗುರುವಾರವೇ ಬನ್ನಿ" ಎಂದು ಪೆನ್ನು ಹಿಡಿದು ಕೇಳಿ. ಹೆಚ್ಚಿನವರು ಗುರುವಾರ ಎನ್ನುತ್ತಾರೆ. ಇನ್ನು ಕೆಲವರು ತಲೆ ತಗ್ಗಿಸಿ, ಮೆಲ್ಲಗೆ, ಆ ದಿನಾಂಕವನ್ನೇ ಬರೆದುಕೊಳ್ಳಿ ಎನ್ನುತ್ತಾರೆ. ಮರುಮಾತಾಡದೆ ಬರೆದುಕೊಳ್ಳಿ.